ರಜೆಯಲ್ಲಿ ಮಗ ಕೆಲಸಕ್ಕೆ ಹೋಗುತ್ತಾನಂತೆ, ಕಳಿಸಲೇ?

ಪರೀಕ್ಷೆ ಮುಗಿಯುವ ಹೊತ್ತಿಗೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರಲು ಶುರುವಾಗುತ್ತವೆ. ಮಕ್ಕಳಿಗೆ ರಜೆ ಇದೆ, ಏನಾದರೂ ಕೆಲಸ ಸಿಗುತ್ತಾ, ಕಳಿಸಬಹುದಾ ಅಂತ. ಈ ಸಲ ಅಂಥ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗನಿಗೆ 15 ವರ್ಷ. ಎಸ್ಸೆಸ್ಸೆಲ್ಸಿ ಬರೆದು ಮನೆಯಲ್ಲಿದ್ದಾನೆ. ದಿನವಿಡೀ ಮೊಬೈಲ್. ಬೈದರೆ "ಹಾಗಾದ್ರೆ ಕೆಲಸಕ್ಕೆ ಹೋಗ್ತೀನಿ, ಗೇರ್ ಸೈಕಲ್ ತಗೋಬೇಕು" ಅನ್ನುತ್ತಾನೆ. ನಮ್ಮ ಅಣ್ಣ ಬೆಂಗಳೂರಿನಲ್ಲಿ ಹೋಟೆಲ್ ಇಟ್ಟಿದ್ದಾರೆ, ಕಳಿಸು ಅಂತಿದ್ದಾರೆ, ಊಟ ವಸತಿ ಎಲ್ಲಾ ಅಲ್ಲೇ. ಪಕ್ಕದ ಬೀದಿಯ ಗ್ಯಾರೇಜಿನವರೂ ಕರೆದಿದ್ದಾರೆ. ಅವನ ಸ್ನೇಹಿತರು ಕೇಟರಿಂಗ್‌ನವರ ಜೊತೆ ಮದುವೆಗಳಲ್ಲಿ ಬಡಿಸೋಕೆ ಹೋಗುತ್ತಾರಂತೆ. ನಮ್ಮ ಯಜಮಾನರು ಹೋಗಲಿ ಬಿಡು ಅಂತಾರೆ, ನನಗೆ ಭಯ. ಬಾಲಕಾರ್ಮಿಕ ಅಂತ ಕೇಸ್ ಆಗುತ್ತಾ?
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ಮೊದಲು ಕೇಸ್ ವಿಷಯ ಹೇಳಿಬಿಡುತ್ತೇನೆ, ಭಯ ಸ್ವಲ್ಪ ಕಡಿಮೆಯಾಗಲಿ. 14 ವರ್ಷ ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಿಮ್ಮ ಮಗನಿಗೆ 15 ಆಗಿದೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತಲ್ಲ, ಅಲ್ಲಿಂದ 14ರಿಂದ 18ರೊಳಗಿನವರನ್ನು ಕಾನೂನು ಬೇರೆಯಾಗಿ ನೋಡುತ್ತದೆ. ಅಪಾಯವಿಲ್ಲದ ಕೆಲಸವನ್ನು ಅವರು ಮಾಡಬಹುದು.

ಆದರೆ ಅದಕ್ಕೆ ಹೊತ್ತುಗೊತ್ತು ಇದೆ. ದಿನಕ್ಕೆ 6 ಗಂಟೆ ಮೀರುವಂತಿಲ್ಲ, ವಿರಾಮದ ಹೊತ್ತೂ ಆ 6 ಗಂಟೆಯೊಳಗೇ ಸೇರುತ್ತದೆ. ಒಂದೇ ಸಮನೆ 3 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ನಡುವೆ ಒಂದು ಗಂಟೆಯಾದರೂ ಬಿಡುವು ಕೊಡಬೇಕು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಕೂಡದು. ಓವರ್‌ಟೈಮ್ ಇಲ್ಲ. ವಾರಕ್ಕೆ ಒಂದು ದಿನ ಪೂರ್ತಿ ರಜೆ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಅಂತ ಒಂದೇ ದಿನ ಎರಡು ಕಡೆ ದುಡಿಸುವುದೂ ತಪ್ಪು.

ಈಗ ನೀವು ಹೇಳಿದ ಮೂರು ಕೆಲಸಗಳನ್ನು ನೋಡೋಣ. ಹೋಟೆಲ್ ಬೇಡ ಅಂತಲೇ ಹೇಳುತ್ತೇನೆ. ನಿಮ್ಮ ಅಣ್ಣ ಒಳ್ಳೆಯವರೇ ಇರಬಹುದು, ಅದು ಬೇರೆ ಮಾತು. ಹೋಟೆಲ್ ಅಂದರೆ ಬೆಳಗಿನ ಜಾವಕ್ಕೆ ಇಡ್ಲಿ ಹಿಟ್ಟು, ರಾತ್ರಿ ಹತ್ತಕ್ಕೆ ನೆಲ ಒರೆಸುವುದು. ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಮಾತ್ರ ಇದ್ದು ಕೈ ತೊಳೆದು ಹೋಗು ಅಂತ ಯಾರೂ ಹೇಳುವುದಿಲ್ಲ, ಅದರಲ್ಲೂ ಹುಡುಗ ಅಲ್ಲೇ ಮಲಗುವವನಾದರೆ ಅವನಿಗೆ ಡ್ಯೂಟಿ ಮುಗಿಯಿತು ಅನ್ನುವ ಹೊತ್ತೇ ಇರುವುದಿಲ್ಲ, ಯಾರೋ ಒಬ್ಬರು ಬರಲಿಲ್ಲ ಅಂದರೆ ಇವನನ್ನೇ ಎಬ್ಬಿಸುತ್ತಾರೆ. ಸೋದರಮಾವನ ಹತ್ತಿರ ಆಗಲ್ಲ ಅನ್ನೋಕೆ ಅವನಿಗೆ ಬಾಯಿಯೂ ಬರುವುದಿಲ್ಲ. ಸಂಬಳ ಇಷ್ಟು ಅಂತ ಕೇಳೋಕೆ ನಿಮಗೂ ಬಾಯಿ ಬರುವುದಿಲ್ಲ, ಅಲ್ವಾ?

ಗ್ಯಾರೇಜ್‌ನಲ್ಲಿ ಪಂಕ್ಚರ್ ನೋಡಿಕೊಳ್ಳುವುದು, ಸಾಮಾನು ಜೋಡಿಸುವುದು ಅಂತ ಶುರುವಾಗುತ್ತದೆ. ಸ್ವಲ್ಪ ದಿನಕ್ಕೆ ಪೆಟ್ರೋಲಿನಲ್ಲಿ ಪಾರ್ಟ್ಸ್ ತೊಳೆಯುವುದು, ವೆಲ್ಡಿಂಗ್ ಹಿಡಿಯುವುದು. ಉರಿಯುವ ವಸ್ತುಗಳ ಕೆಲಸ, ವೆಲ್ಡಿಂಗ್, ಗಣಿ, ಪಟಾಕಿ, ಇವೆಲ್ಲ 18ರ ಒಳಗಿನವರಿಗೆ ನಿಷೇಧ. ಪಟಾಕಿ ಅಂದರೆ ತಯಾರಿಸುವುದು ಮಾತ್ರ ಅಲ್ಲ, ಗೋದಾಮಿನಲ್ಲಿ ಇಡುವುದು, ಅಂಗಡಿಯಲ್ಲಿ ಮಾರುವುದೂ ಸೇರಿತು. ದೀಪಾವಳಿಗೆ ಹದಿನೈದು ದಿನ ಪಟಾಕಿ ಅಂಗಡಿಯಲ್ಲಿ ನಿಂತು ಬರ್ತೀನಿ ಅಂತ ಮಗ ಕೇಳಿದರೂ ಒಪ್ಪಬೇಡಿ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಹಬ್ಬದ ಸೀಸನ್ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಹುಡುಗರೇ ಜಾಸ್ತಿ. ನಾಲ್ಕು ದಿನ ದುಡಿದು ಮನೆಗೆ ಹೋಗುತ್ತೇವೆ ಅಂತ ಬಂದವರು ಅವರು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಬಡಿಸುವ ಕೆಲಸ ಮೂರರಲ್ಲಿ ಒಂದಿಷ್ಟು ವಾಸಿ, ಮಧ್ಯಾಹ್ನದ ಊಟಕ್ಕೆ ಮಾತ್ರ ಆದರೆ. ಹತ್ತಕ್ಕೆ ಹೋಗಿ ಮೂರಕ್ಕೆ ಬಂದರೆ ಸರಿ. ರಿಸೆಪ್ಶನ್ ಊಟ ಅಂದರೆ ರಾತ್ರಿ ಹನ್ನೊಂದು, ಆಮೇಲೆ ಟೆಂಪೋದಲ್ಲಿ ಪಾತ್ರೆಗಳ ಮೇಲೆ ಕೂತು ಬರುವುದು. ಅದು ಬೇಡ. ಒಲೆಯ ಕಡೆ ಕಳಿಸುವುದಿಲ್ಲ, ಸಾರು ಸಾಂಬಾರಿನ ದೊಡ್ಡ ಪಾತ್ರೆ ಹೊರಿಸುವುದಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ.

ನಾನಾದರೆ ಅರಸೀಕೆರೆಯಲ್ಲೇ ಹುಡುಕುತ್ತಿದ್ದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಝೆರಾಕ್ಸ್ ಅಂಗಡಿ, ಕಂಪ್ಯೂಟರ್ ಸೆಂಟರ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಂಕಪಟ್ಟಿ, ಅರ್ಜಿ, ಜಾತಿ ಪ್ರಮಾಣಪತ್ರ ಅಂತ ಜನ ಸಾಲು ನಿಂತಿರುತ್ತಾರೆ. ಮೊಬೈಲ್ ಬಿಡದ ಹುಡುಗನಿಗೆ ಕಂಪ್ಯೂಟರಿನಲ್ಲಿ ಕೈ ಬೇಗ ಓಡುತ್ತದೆ, ಕನ್ನಡ ಟೈಪಿಂಗ್ ಕಲಿತರೆ ಮುಂದೆಯೂ ಉಪಯೋಗ. ಮದುವೆ ಸೀಸನ್ ಅಂದಮೇಲೆ ಬಟ್ಟೆ ಅಂಗಡಿಯವರಿಗೆ ಸೀರೆ ಮಡಿಸಲು ಕೈ ಬೇಕು. ಸಸಿ ನರ್ಸರಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಪಾಕೆಟ್‌ಗೆ ಮಣ್ಣು ಗೊಬ್ಬರ ತುಂಬುವ ಕೆಲಸ ಇರುತ್ತದೆ, ಮರದ ನೆರಳಲ್ಲೇ ಮಾಡಬಹುದು. ಕೇಳಲು ನೀವು ಹೋಗಬೇಡಿ, ಅವನೇ ಹೋಗಲಿ. ನೀವು ಆಮೇಲೆ ಒಂದು ಸಲ ಹೋಗಿ ಜಾಗ ನೋಡಿ, ಶೌಚಾಲಯ ಇದೆಯಾ, ಕುಡಿಯಲು ನೀರಿದೆಯಾ, ಬೇರೆ ಕೆಲಸದವರು ಎಂಥವರು ಅಂತ ನೋಡಿ ಬನ್ನಿ.

ನನಗೆ ನಿಜವಾಗಿ ಭಯ ಇರುವುದು ಇನ್ನೊಂದು ವಿಷಯಕ್ಕೆ. ಪ್ರೌಢಶಾಲೆಯಲ್ಲಿ ಪಾಠ ಹೇಳಿದವಳಾಗಿ ನಾನು ಕಂಡಿರುವುದು ಇದು: ಹತ್ತನೇ ತರಗತಿ ಆದಮೇಲೆ ಎರಡು ತಿಂಗಳಿಗೆಂದು ಕೆಲಸಕ್ಕೆ ಹೋದ ಹುಡುಗ ಜೂನ್‌ನಲ್ಲಿ ವಾಪಸ್ ಬರುವುದಿಲ್ಲ. ಕೈಯಲ್ಲಿ ದುಡ್ಡು ಓಡಾಡುತ್ತದೆ, ಮಾಲೀಕರು "ಇನ್ನೊಂದು ತಿಂಗಳು ಇರು, ಬೇರೆಯವರು ಸಿಕ್ಕಿಲ್ಲ" ಅನ್ನುತ್ತಾರೆ, ಮನೆಯಲ್ಲೂ ಆ ದುಡ್ಡಿನ ಲೆಕ್ಕ ಸೇರಿಬಿಡುತ್ತದೆ, ಅಷ್ಟರಲ್ಲಿ ಪಿಯು ಅಡ್ಮಿಷನ್ ಮುಗಿದಿರುತ್ತದೆ. ಒಂದು ವರ್ಷ ಬಿಟ್ಟವನು ಮತ್ತೆ ಬೆಂಚಿನ ಮೇಲೆ ಕೂರುವುದು ತುಂಬಾ ಕಷ್ಟ. ಅದಕ್ಕೇ ಮೊದಲ ದಿನವೇ ಕೊನೆಯ ದಿನ ಯಾವುದು ಅಂತ ಮಾಲೀಕರಿಗೆ ಹೇಳಿ. ಯಾವುದಾದರೂ ವಿಷಯದಲ್ಲಿ ಫೇಲಾದರೆ ಪರೀಕ್ಷೆ-2 ಬೇಗನೇ ಬರುತ್ತದೆ, ಆಗ ಅರ್ಧಕ್ಕೇ ಬಿಟ್ಟು ಬರುತ್ತಾನೆ ಅನ್ನುವುದನ್ನೂ ಹೇಳಿಡಿ. ಒಪ್ಪದ ಕಡೆ ಕಳಿಸಬೇಡಿ.

ಸಂಬಳ ಅವನ ಕೈಗೇ ಬರಬೇಕು. ನಿಮ್ಮ ಕೈಗೂ ಅಲ್ಲ, ನಿಮ್ಮ ಯಜಮಾನರ ಕೈಗೂ ಅಲ್ಲ. 10 ವರ್ಷ ತುಂಬಿದ ಮಕ್ಕಳು ತಮ್ಮದೇ ಉಳಿತಾಯ ಖಾತೆ ತೆರೆದು ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಅಂಚೆ ಕಚೇರಿಯಲ್ಲೂ 500 ರೂಪಾಯಿಗೆ ಖಾತೆ ಆಗುತ್ತದೆ. ಸೈಕಲ್ಲಿಗೆ ಎಷ್ಟು ಸೇರಿತು ಅಂತ ಅವನೇ ಪಾಸ್‌ಬುಕ್ ನೋಡಲಿ. ಮನೆಯಲ್ಲಿ ಕಷ್ಟ ಇದ್ದರೂ ಆ ದುಡ್ಡನ್ನು ಕೇಳಬೇಡಿ. ಅವನಾಗಿಯೇ ಕೊಟ್ಟರೆ ಸಂತೋಷವಾಗಿ ತೆಗೆದುಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ 16. ಮೆಡಿಕಲ್ ಶಾಪ್‌ನವರು ಮನೆಮನೆಗೆ ಔಷಧಿ ಕೊಟ್ಟು ಬರಲು ಕೇಳಿದ್ದಾರೆ. ನನ್ನ ಆಕ್ಟಿವಾ ಕೊಡಬಹುದಾ? ಗೇರ್ ಇಲ್ಲದ ಗಾಡಿ 16ಕ್ಕೇ ಓಡಿಸಬಹುದು ಅಂತಾರಲ್ಲ.
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಕೊಡಬೇಡಿ. 16 ತುಂಬಿದವರಿಗೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ ಮಾತ್ರ. ಆಕ್ಟಿವಾ ಅದರ ಎರಡರಷ್ಟಕ್ಕೂ ಜಾಸ್ತಿ. ಹುಡುಗ ಸಿಕ್ಕಿಬಿದ್ದರೆ ಗಾಡಿ ಕೊಟ್ಟ ನಿಮಗೆ 25 ಸಾವಿರ ದಂಡ, 3 ವರ್ಷದವರೆಗೆ ಜೈಲೂ ಆಗಬಹುದು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಅವನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಯಾರಿಗಾದರೂ ಗಾಡಿ ತಾಗಿದರೆ ಆಮೇಲಿನ ಕಥೆ ಬೇರೆಯೇ. ಸೈಕಲ್ಲಿನಲ್ಲಿ, ಅದೇ ಬಡಾವಣೆಯೊಳಗೆ, ಹಗಲು ಹೊತ್ತು ಮಾತ್ರ ಅಂದರೆ ಯೋಚಿಸಬಹುದು.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ಕ್ಲಾಸ್ ಮುಗಿಸಿದ್ದೇನೆ, 14 ತುಂಬಿದೆ. ಅಣ್ಣನನ್ನು ರಜೆಯಲ್ಲಿ ಕೆಲಸಕ್ಕೆ ಕಳಿಸಿದರು, ನನ್ನನ್ನು ಹೆಣ್ಣು ಹುಡುಗಿ ಬೇಡ ಅಂತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ "ಮನೆಯಲ್ಲೇ ಕೂತು ದಿನಕ್ಕೆ 2000 ಗಳಿಸಿ" ಅಂತ ಬರುತ್ತೆ. 499 ರೂಪಾಯಿ ರಿಜಿಸ್ಟ್ರೇಷನ್ ಕೇಳ್ತಾರೆ. ನನ್ನ ಫ್ರೆಂಡ್ ಡೇಟಾ ಎಂಟ್ರಿ ಕೆಲಸ ಅಂತ ಸೇರಿದ್ದಳು, ಈಗ ಅಗ್ರಿಮೆಂಟ್ ಮುರಿದಿದ್ದೀಯ, ಲಾಯರ್ ನೋಟಿಸ್ ಕಳಿಸ್ತೀವಿ ಅಂತ ಅವಳಿಗೆ ಫೋನ್ ಬರ್ತಿದೆ. ಅವಳು ಮನೇಲಿ ಹೇಳಿಲ್ಲ, ಅಳ್ತಾಳೆ. ನಾನು ಏನು ಕೆಲಸ ಮಾಡಬಹುದು?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಪುಟ್ಟಾ, ಮೊದಲು ನಿನ್ನ ಫ್ರೆಂಡ್ ವಿಷಯ. ಈ ಪುಟವನ್ನು ಇವತ್ತೇ ಅವಳಿಗೆ ತೋರಿಸು. 18 ತುಂಬದವರು ಮಾಡಿಕೊಂಡ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆಯೇ ಇಲ್ಲ. ಅವಳು ಯಾವ ಅಗ್ರಿಮೆಂಟಿಗೆ ಒತ್ತಿದ್ದರೂ, ಎಲ್ಲಿ ಸಹಿ ಹಾಕಿದ್ದರೂ ಅದು ಅವಳನ್ನು ಕಟ್ಟಿಹಾಕುವುದಿಲ್ಲ. ಇದು ಮೋಸಗಾರರ ಹಳೆಯ ದಾರಿ. ನೂರಾರು ಪುಟ ಟೈಪ್ ಮಾಡಿಸುತ್ತಾರೆ, ತಪ್ಪು ಜಾಸ್ತಿ ಇದೆ ಅನ್ನುತ್ತಾರೆ, ಸಂಬಳ ಕೊಡುವ ಬದಲು ದಂಡ ಕೇಳುತ್ತಾರೆ. ಒಂದು ರೂಪಾಯಿಯೂ ಕೊಡಬಾರದು. ಬಂದ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಅಪ್ಪ ಅಮ್ಮನಿಗೆ ಹೇಳಲಿ. ಹೇಳೋಕೆ ಭಯ ಆದರೆ ಅವರ ಮನೆಗೆ ನೀನೂ ಜೊತೆಗೆ ಹೋಗು. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿಸಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಮನೆಯಲ್ಲಿ ಯಾರಿಗೂ ಹೇಳಲಾಗದ ಪರಿಸ್ಥಿತಿ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮಕ್ಕಳೇ ನೇರವಾಗಿ ಮಾಡಬಹುದು.

499 ರೂಪಾಯಿಯ ಕೆಲಸವೂ ಅದೇ ಜಾತಿಗೆ ಸೇರಿದ್ದು. ಕೆಲಸ ಕೊಡುವವರು ನಿನಗೆ ದುಡ್ಡು ಕೊಡಬೇಕು, ನಿನ್ನಿಂದ ಕೇಳಬಾರದು. ವಿಡಿಯೋಗೆ ಲೈಕ್ ಒತ್ತಿದರೆ ದುಡ್ಡು ಅನ್ನುವವರು ಮೊದಲು ನಿಜವಾಗಿಯೇ ನೂರೋ ಇನ್ನೂರೋ ಹಾಕುತ್ತಾರೆ, ಅದನ್ನು ನೋಡಿ ನಂಬಿಕೆ ಬಂದಮೇಲೆ ದೊಡ್ಡ ಟಾಸ್ಕ್‌ಗೆ ಡೆಪಾಸಿಟ್ ಕಟ್ಟು ಅನ್ನುತ್ತಾರೆ, ಕಟ್ಟಿದ್ದು ವಾಪಸ್ ಬರುವುದಿಲ್ಲ. ಇನ್ನೂ ಒಂದು ಕೆಟ್ಟದ್ದಿದೆ. ನಿನ್ನ ಬ್ಯಾಂಕ್ ಖಾತೆಯನ್ನು ಬಳಸಲು ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ ಅಂತ ಯಾರಾದರೂ ಕೇಳಿದರೆ, ಪರಿಚಯದ ಅಣ್ಣ ಅಂತ ಅನ್ನಿಸಿದರೂ, ಕೊಡಬೇಡ. ಕದ್ದ ದುಡ್ಡನ್ನು ದಾಟಿಸಲು ಅಂಥ ಖಾತೆಗಳನ್ನು ಬಳಸುತ್ತಾರೆ, ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಆಧಾರ್ ಫೋಟೋ ಕೂಡ ಅಪರಿಚಿತರಿಗೆ ಕಳಿಸಬೇಡ.

ಈಗ ಕೆಲಸ. ನಿನ್ನ ಪತ್ರದಲ್ಲಿ ನನಗೆ ಇಷ್ಟವಾಗಿದ್ದು ನೀನು ಸುಮ್ನೆ ಕೂರಲು ಒಪ್ಪದೇ ಇರುವುದು. ಅಣ್ಣನಿಗೆ ಇರುವ ಹಕ್ಕು ನಿನಗೂ ಇದೆ, ಕಾನೂನು ಹುಡುಗ ಹುಡುಗಿ ಅಂತ ಭೇದ ಮಾಡಿಲ್ಲ. ಆದರೆ ಈ ವರ್ಷಕ್ಕೆ ಮನೆಯವರನ್ನು ಒಪ್ಪಿಸಲು ಹತ್ತಿರದ ಕೆಲಸದಿಂದ ಶುರು ಮಾಡೋಣ. ದಾವಣಗೆರೆಯಲ್ಲಿ ಮದುವೆ ಸೀಸನ್ ಜೋರಾಗಿರುತ್ತದೆ. ಸೀರೆಗೆ ಕುಚ್ಚು ಹಾಕುವುದನ್ನು ನಿಮ್ಮ ಬೀದಿಯಲ್ಲೇ ಯಾರಾದರೂ ಆಂಟಿ ಮಾಡುತ್ತಿರುತ್ತಾರೆ, ಅವರ ಹತ್ತಿರ ಕಲಿತುಕೋ. ಸಾದಾ ಕುಚ್ಚು ಬೇಗ ಬರುತ್ತದೆ, ಮಣಿ ಹಾಕುವ ಕ್ರೋಶಾ ಕುಚ್ಚಿಗೆ ಸಮಯ ಬೇಕು, ಅದಕ್ಕೆ ದುಡ್ಡೂ ಜಾಸ್ತಿ. ಹಳೆಯ ದುಪಟ್ಟಾ ಮೇಲೆ ಕೈ ಕುದುರಿದ ಮೇಲೆಯೇ ಬೇರೆಯವರ ರೇಷ್ಮೆ ಸೀರೆ ಮುಟ್ಟು. ಹಗಲು ಬೆಳಕಲ್ಲೇ ಮಾಡು, ಕಣ್ಣು ನಿನ್ನದು.

ಇನ್ನೊಂದು, ಚಿಕ್ಕ ಮಕ್ಕಳಿಗೆ ಪಾಠ. ರಜೆಯಲ್ಲಿ ಒಂದು ಎರಡನೇ ಕ್ಲಾಸಿನ ಮಕ್ಕಳನ್ನು ಎರಡು ಗಂಟೆ ಯಾರಾದರೂ ಕೂರಿಸಿಕೊಂಡರೆ ಸಾಕು ಅನ್ನುವ ತಾಯಂದಿರು ಎಷ್ಟೋ ಜನ ಇರುತ್ತಾರೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು, ಐದಾರು ಮಕ್ಕಳು, ಕಾಗುಣಿತ, ಮಗ್ಗಿ, ಒಂದು ಕಥೆ, ಸ್ವಲ್ಪ ಚಿತ್ರ ಬರೆಸುವುದು. ನಿಮ್ಮ ಮನೆಯ ಜಗಲಿ ಸಾಕು. ಫೀಸು ಎಷ್ಟು ಅಂತ ಮೊದಲ ದಿನವೇ ಹೇಳಿಬಿಡು. ನಾಚಿಕೊಂಡು "ನಿಮಗೆ ತೋಚಿದಷ್ಟು ಕೊಡಿ ಆಂಟಿ" ಅಂದರೆ ಕೊನೆಗೆ ಕೊಡುವುದು ಒಂದು ಚಾಕೊಲೇಟ್ ಡಬ್ಬ. ಮೇ ಕೊನೆಯಲ್ಲಿ ಅದೇ ಮನೆಗಳಲ್ಲಿ ನೋಟ್‌ಬುಕ್ಕಿಗೆ ಬೈಂಡ್ ಹಾಕುವ ಕೆಲಸ ಬರುತ್ತದೆ. ಒಂದೊಂದು ಮಗುವಿಗೂ ಪುಸ್ತಕಗಳ ರಾಶಿ, ಬ್ರೌನ್ ಶೀಟು, ಲೇಬಲ್ಲು, ತಂದೆತಾಯಿಗೆ ಪುರುಸೊತ್ತಿಲ್ಲ. ಪುಸ್ತಕಕ್ಕೆ ಇಷ್ಟು ಅಂತ ಇಟ್ಟುಕೊಂಡು ಅಣ್ಣನನ್ನೂ ಸೇರಿಸಿಕೋ.

ಈ ಪತ್ರ ಓದುವ ಇವಳ ಅಪ್ಪ ಅಮ್ಮನಿಗೂ ಒಂದು ಮಾತು. ಮನೆಯ ಅಡುಗೆ, ಪಾತ್ರೆ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಇವೆಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಮಗಳು ದುಡಿಯಲಿ ಅನ್ನಬೇಡಿ. ಮಗ ಕೆಲಸಕ್ಕೆ ಹೋದಾಗ ಅವನಿಗೆ ಮನೆಗೆಲಸ ಹೇಳಿದ್ದಿರಾ?

ಪ್ರಶ್ನೆ: ಪೇಪರ್ ಏಜೆಂಟರು ನನ್ನ ತಮ್ಮನನ್ನು (15 ವರ್ಷ) ಬೆಳಿಗ್ಗೆ ಪೇಪರ್ ಹಾಕಲು ಕರೆದಿದ್ದಾರೆ. ಅಬ್ದುಲ್ ಕಲಾಂ ಅವರೇ ಹುಡುಗನಾಗಿದ್ದಾಗ ಪೇಪರ್ ಹಂಚಿದವರು. ಇದರಲ್ಲಿ ತಪ್ಪೇನಿದೆ?
— ಓದುಗ, ಶಿವಮೊಗ್ಗ

ಉತ್ತರ: ಕೆಲಸದಲ್ಲಿ ತಪ್ಪಿಲ್ಲ, ಹೊತ್ತಿನಲ್ಲಿ ಇದೆ. ಪೇಪರ್ ಹಾಕುವುದು ಐದರಿಂದ ಏಳರೊಳಗೆ. 18ರ ಒಳಗಿನವರನ್ನು ಬೆಳಿಗ್ಗೆ 8ಕ್ಕೆ ಮುಂಚೆ ದುಡಿಸುವಂತಿಲ್ಲ ಅಂತ ಮೇಲೆ ಹೇಳಿದೆನಲ್ಲ, ಅದು ಇದಕ್ಕೂ ಅನ್ವಯ. ಎಷ್ಟೋ ಊರುಗಳಲ್ಲಿ ಹುಡುಗರೇ ಪೇಪರ್ ಹಾಕುತ್ತಾರೆ, ನನಗೂ ಗೊತ್ತು, ಎಷ್ಟೋ ಜನ ಹಾಗೆಯೇ ಓದಿ ಮುಂದೆ ಬಂದಿದ್ದಾರೆ, ಅವರ ಬಗ್ಗೆ ಗೌರವ ಇದೆ. ಕಲಾಂ ಅವರು ಪೇಪರ್ ಹಂಚಿದ ಕಾಲದ ರಾಮೇಶ್ವರವನ್ನೂ ಈಗಿನ ಶಿವಮೊಗ್ಗದ ರಸ್ತೆಯನ್ನೂ ಹೋಲಿಸಬೇಡಿ. ಬೆಳಗಿನ ಕತ್ತಲಲ್ಲಿ ವೇಗವಾಗಿ ಬರುವ ಲಾರಿ, ಬೀದಿನಾಯಿಗಳ ಗುಂಪು, ಜೂನ್ ಬಂದರೆ ಮಲೆನಾಡಿನ ಮಳೆ. ಶಾಲೆ ಶುರುವಾದ ಮೇಲೂ ಈ ಕೆಲಸ ಬಿಡಲಾಗುವುದಿಲ್ಲ, ತರಗತಿಯಲ್ಲಿ ನಿದ್ದೆ ಎಳೆಯುತ್ತದೆ. ಏಜೆಂಟರ ಹತ್ತಿರ ತಿಂಗಳ ಬಿಲ್ ವಸೂಲಿ ಕೆಲಸ ಇರುತ್ತದೆ, ಅದನ್ನು ಹತ್ತು ಗಂಟೆಯ ಮೇಲೆ ಮಾಡಬಹುದು. ಅದನ್ನು ಕೇಳಿ ನೋಡಿ.

ಪ್ರಶ್ನೆ: ನಮ್ಮದು ಸಣ್ಣ ದಿನಸಿ ಅಂಗಡಿ. ಮಗನಿಗೆ 12. ರಜೆಯಲ್ಲಿ ಅಂಗಡಿಯಲ್ಲಿ ಕೂರಿಸಿಕೊಂಡರೆ ತಪ್ಪಾ?
— ಗದಗ

ಉತ್ತರ: ನಿಮ್ಮ ಜೊತೆ ಸ್ವಲ್ಪ ಹೊತ್ತು ಇದ್ದು ಕೈ ಜೋಡಿಸಿದರೆ ತಪ್ಪಲ್ಲ. ಸ್ವಂತ ಮನೆಯವರಿಗೆ ಸಹಾಯ ಮಾಡಲು ಕಾನೂನು ಬಿಟ್ಟಿದೆ, ಅದೂ ದಿನಕ್ಕೆ 3 ಗಂಟೆ ಮೀರದಂತೆ, ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ. ಆದರೆ ಸಹಾಯ ಅಂದರೆ ಸಹಾಯ ಮಾತ್ರ. ಅವನೊಬ್ಬನನ್ನೇ ಬಿಟ್ಟು ನೀವು ಸಂತೆಗೆ ಹೋಗುವುದು, ಕೆಲಸದವನನ್ನು ಬಿಡಿಸಿ ಅವನ ಜಾಗಕ್ಕೆ ಮಗನನ್ನು ನಿಲ್ಲಿಸುವುದು ಆಗುವುದಿಲ್ಲ. ಸಾಲದ ಪುಸ್ತಕ ಕೂಡಿಸಲಿ, ತೂಕ ಮಾಡುವುದನ್ನು ಕಲಿಯಲಿ. ಮಧ್ಯಾಹ್ನ ಆಟಕ್ಕೆ ಬಿಡಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಪುಸ್ತಕ ಮತ್ತು ಸ್ಟೇಷನರಿ ಅಂಗಡಿ ಇಟ್ಟಿದ್ದೇನೆ. ಮೇ 15ರಿಂದ ಜೂನ್ ಮೊದಲ ವಾರದವರೆಗೆ ವಿಪರೀತ ರಶ್. ಪರಿಚಯದ ಮನೆಯ 15 ವರ್ಷದ ಹುಡುಗ ಕೆಲಸ ಕೇಳಿಕೊಂಡು ಬಂದಿದ್ದಾನೆ. ಚುರುಕಾಗಿದ್ದಾನೆ, ಇಟ್ಟುಕೊಳ್ಳಲು ಆಸೆ, ಆದರೆ ಇನ್‌ಸ್ಪೆಕ್ಟರ್ ಬಂದರೆ ಅನ್ನುವ ಹೆದರಿಕೆ. ಏನು ಮಾಡಬೇಕು?
— ಅಂಗಡಿ ಮಾಲೀಕರು

ಉತ್ತರ: ನೀವು ಕೇಳಿದ್ದು ತುಂಬಾ ಸಂತೋಷ. ಹೆದರಿಕೊಂಡು ಬಾಗಿಲು ಹಾಕುವವರಿಂದಲೂ ಮಕ್ಕಳಿಗೆ ಉಪಕಾರವಿಲ್ಲ, ಲೆಕ್ಕವಿಲ್ಲದೆ ಹಿಂದಿನ ಗೋದಾಮಿನಲ್ಲಿ ದುಡಿಸುವವರಿಂದ ಅನ್ಯಾಯ. ಪುಸ್ತಕದ ಅಂಗಡಿಗಿಂತ ಒಳ್ಳೆಯ ಮೊದಲ ಕೆಲಸ ನನಗೆ ಹೊಳೆಯುವುದಿಲ್ಲ.

ಮೊದಲು ವಯಸ್ಸಿನ ದಾಖಲೆ ತೆಗೆದುಕೊಳ್ಳಿ, ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆಯ ಪ್ರತಿ. 14 ತುಂಬಿರುವುದು ಅದರಲ್ಲಿ ಸ್ಪಷ್ಟವಾಗಿರಬೇಕು, ಮುಂದಿನ ತಿಂಗಳು ತುಂಬುತ್ತದೆ ಅಂದರೆ ಬೇಡ. ಅವನ ಹೆಸರು, ಹುಟ್ಟಿದ ದಿನ, ಕೆಲಸದ ಹೊತ್ತು, ವಿರಾಮದ ಹೊತ್ತು, ಎಂಥ ಕೆಲಸ ಅನ್ನುವುದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಿ. 30 ದಿನದೊಳಗೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು. ಕಾರ್ಮಿಕ ಇಲಾಖೆಯ ಕಚೇರಿಗೆ ಒಂದು ಸಲ ಹೋಗಿ ಕೇಳಿದರೆ ನಮೂನೆ ಯಾವುದು ಅಂತ ಅವರೇ ಹೇಳುತ್ತಾರೆ. ತಂದೆ ಅಥವಾ ತಾಯಿಯಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಇಷ್ಟು ಇದ್ದರೆ ಇನ್‌ಸ್ಪೆಕ್ಟರ್ ಬಂದಾಗ ತೋರಿಸಲು ನಿಮ್ಮ ಹತ್ತಿರ ಎಲ್ಲ ಇರುತ್ತದೆ.

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು, ನಡುವೆ ಒಂದು ಗಂಟೆ ಊಟಕ್ಕೆ. ನಿಮಗೆ ಸಂಜೆ ಆರರ ಮೇಲೆ ರಶ್ ಇರುತ್ತದೆ ಅಂದರೆ ಮಧ್ಯಾಹ್ನ ಒಂದರಿಂದ ಏಳು ಮಾಡಿ. ಏಳಕ್ಕೆ ಗಿರಾಕಿ ನಿಂತಿದ್ದರೂ ಅವನನ್ನು ಕಳಿಸಿಬಿಡಿ. ಪೇಪರ್ ಬಂಡಲ್, ನೋಟ್‌ಬುಕ್ ಪೆಟ್ಟಿಗೆಗಳನ್ನು ಅವನಿಂದ ಅಟ್ಟಕ್ಕೆ ಹೊರಿಸಬೇಡಿ, ಅದು ದೊಡ್ಡವರ ಕೆಲಸ. ಶಾಲೆಯ ಪಟ್ಟಿ ಹಿಡಿದು ಪುಸ್ತಕ ಜೋಡಿಸುವುದು, ಬಿಲ್ ಬರೆಯುವುದು, ಗಿರಾಕಿಯ ಹತ್ತಿರ ಮಾತಾಡುವುದು ಕೊಡಿ. ಗಲ್ಲಾ ಪೆಟ್ಟಿಗೆಯಲ್ಲಿ ದುಡ್ಡು ಕಡಿಮೆ ಬಂದರೆ ಅವನ ಸಂಬಳದಲ್ಲಿ ಹಿಡಿಯುವ ಪ್ರಶ್ನೆ ಬರಬಾರದು, ಆದ್ದರಿಂದ ದುಡ್ಡಿನ ಜವಾಬ್ದಾರಿ ನಿಮ್ಮ ಹತ್ತಿರವೇ ಇರಲಿ.

ಚಿಕ್ಕ ಹುಡುಗ, ಕೆಲಸ ಕಲಿಯುತ್ತಾನೆ ಅಂತ ಕಡಿಮೆ ಕೊಡಬೇಡಿ. ದೊಡ್ಡವರಿಗೆ ಗಂಟೆಗೆ ಎಷ್ಟು ಬೀಳುತ್ತದೋ ಆ ಲೆಕ್ಕದಲ್ಲೇ ಕೊಡಿ, ವಾರವಾರ ಕೊಡಿ. ಆ ವಯಸ್ಸಿಗೆ ತಿಂಗಳು ತುಂಬಾ ದೂರ. ಇನ್ನು ನೀವು ಜೂನ್ ಮೊದಲ ವಾರದವರೆಗೆ ಅಂದಿದ್ದೀರಿ. ಅಷ್ಟರಲ್ಲಿ ಅವನ ತರಗತಿ ಶುರುವಾಗಿರುತ್ತದೆ. ನಿಮಗೆ ರಶ್ ಇರುವುದು ಆಗಲೇ ಅಂತ ನನಗೆ ಗೊತ್ತು, ಆದರೂ ಅವನ ಕೊನೆಯ ದಿನ ಶಾಲೆ ತೆರೆಯುವ ಹಿಂದಿನ ಭಾನುವಾರಕ್ಕೇ ಇರಲಿ. ಆಮೇಲಿನ ವಾರಕ್ಕೆ ಡಿಗ್ರಿ ಓದುವ ಯಾರನ್ನಾದರೂ ಈಗಲೇ ಹೇಳಿಟ್ಟುಕೊಳ್ಳಿ.